ಹೌದ್ರೀ, ಕೆಂಪಿಗೆ ಹೊಟ್ಟಿಗೆ ಹಾಕ್ತೀವಿ

ನಮ್ಮ ಮನೆಯ ಮುಧೋಳ ನಾಯಿ ಕೆಂಪಿಯ ಬಗ್ಗೆ ಜನ ಕೇಳುವುದೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆ. ಹಾಲಿನವನು ಕೇಳಿದ್ದಾನೆ, ಗ್ಯಾಸ್ ಸಿಲಿಂಡರ್ ಹೊತ್ತು ತರುವವನು ಕೇಳಿದ್ದಾನೆ, ನನ್ನ ಎಂಟನೇ ಕ್ಲಾಸಿನ ಹುಡುಗರು ಗೇಟಿನ ಹೊರಗೆ ಸೈಕಲ್ ನಿಲ್ಲಿಸಿ ಕೇಳಿದ್ದಾರೆ. "ಅಕ್ಕೋರ, ನಾಯಿಗೆ ಹೊಟ್ಟಿಗೆ ಏನರೆ ಹಾಕ್ತೀರಿಲ್ರಿ?"

ಹಾಕ್ತೀವಪ್ಪಾ. ದಿನಕ್ಕೆರಡು ಹೊತ್ತು ಹಾಕ್ತೀವಿ. ಆದರೆ ಧಾರವಾಡದಲ್ಲಿ ಇದನ್ನು ನಂಬಿಸುವುದು ಕಷ್ಟ. ನಮ್ಮ ಕಡೆ ಪ್ರೀತಿ ಅಂದರೆ ಉಣಿಸುವುದು. ಮನೆಗೆ ಬಂದವರು ಎರಡನೇ ರೊಟ್ಟಿಗೆ ಸಾಕು ಅಂದರೆ ಮೂರನೆಯದನ್ನು ಬಡಿಸುವ ಜನ ನಾವು. ಅಂಥಾ ಊರಲ್ಲಿ ಪಕ್ಕೆಲುಬು ಕಾಣುವ ನಾಯಿಯನ್ನು ಕಟ್ಟಿಕೊಂಡು ದಿನಾ ಸಂಜೆ ಓಣಿಯಲ್ಲಿ ಓಡಾಡುವುದಕ್ಕೆ ಸ್ವಲ್ಪ ಮೊಂಡುತನ ಬೇಕು.

ಕೆಂಪಿ ನಮ್ಮನೆಯವರ ಗೆಳೆಯರ ಹೊಲದಮನೆಯಿಂದ ಬಂದವಳು. ಲೋಕಾಪುರದ ಹತ್ತಿರ ಅವರ ಹೊಲ. ಮುಧೋಳ ತಾಲೂಕಿನ ಆ ಸುತ್ತಿನಲ್ಲಿ ಈ ತಳಿ ಸಾಕಿ ಮರಿ ಮಾರುವುದು ಎಷ್ಟೋ ಕುಟುಂಬಗಳಿಗೆ ಒಕ್ಕಲುತನದ ಜೊತೆಗಿನ ಆದಾಯ. ಮುಧೋಳದ ಘೋರ್ಪಡೆ ಅರಸರು ಈ ನಾಯಿಗಳನ್ನು ಬೆಳೆಸಿದ್ದು, ಮಾಲೋಜಿರಾವ್ ಘೋರ್ಪಡೆಯವರು ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಜೋಡಿ ನಾಯಿ ಕೊಟ್ಟಿದ್ದು, 2005ರಲ್ಲಿ ಅಂಚೆ ಇಲಾಖೆ ಚೀಟಿ ಹೊರಡಿಸಿದ್ದು, 2016ರಲ್ಲಿ ಮೀರತ್‌ನ ಸೈನ್ಯದ ಕೇಂದ್ರಕ್ಕೆ ತರಬೇತಿಗೆ ಮರಿಗಳು ಹೋಗಿದ್ದು, 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಹೆಸರು ಹೇಳಿದ್ದು, ಇದೆಲ್ಲ ಎಲ್ಲರಿಗೂ ಬಾಯಿಪಾಠ. ಈ ಕೀರ್ತಿಯೆಲ್ಲ ನಾಯಿ ಮನೆಗೆ ಬಂದ ಮೇಲೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಮನೆಯಲ್ಲಿ ಸಾಕುವವರಿಗೆ ತಿಳಿದಿರಬೇಕಾದದ್ದು ಒಂದೇ: ಈ ನಾಯಿಯ ಮೈಮೇಲೆ ಕೊಬ್ಬಿಲ್ಲ, ಇರಲೂಬಾರದು. ಇದರ ಆರೈಕೆಯ ಬಹುಪಾಲು ವಿಷಯ ಅಲ್ಲಿಂದಲೇ ಹುಟ್ಟುತ್ತದೆ.

ಮೈಕಟ್ಟು ನೋಡಿ. ಎದೆ ಆಳ, ಹೊಟ್ಟೆ ಬೆನ್ನಿಗೆ ಸೇರಿಕೊಂಡಿದೆ, ಕಾಲು ಉದ್ದ, ತಲೆ ಸಣ್ಣ. ಗ್ರೇಹೌಂಡ್, ಸಲೂಕಿ, ತಮಿಳುನಾಡಿನ ಚಿಪ್ಪಿಪಾರೈ, ಉತ್ತರದ ರಾಂಪುರ ಹೌಂಡ್ ಎಲ್ಲ ಇದೇ ಗುಂಪಿನವು. ಮೂಗಿನಿಂದ ಜಾಡು ಹಿಡಿಯುವುದಕ್ಕಿಂತ ಕಣ್ಣಿನಿಂದ ಕಂಡು ಬೆನ್ನಟ್ಟುವ ನಾಯಿಗಳು. ಓಡುವಾಗ ಒಂದೊಂದು ಹಾರಿಕೆಯಲ್ಲಿ ಎರಡು ಸಲ ನಾಲ್ಕೂ ಕಾಲು ನೆಲ ಬಿಟ್ಟಿರುತ್ತವೆ, ಮೈ ಪೂರಾ ಚಾಚಿದಾಗ ಒಮ್ಮೆ, ಮುದುಡಿದಾಗ ಒಮ್ಮೆ. ಹಾಗೆ ಓಡುವ ದೇಹಕ್ಕೆ ನಾಲ್ಕು ಕಿಲೋ ಹೆಚ್ಚಾದರೆ ಆ ಭಾರವೆಲ್ಲ ಮಣಿಕಟ್ಟಿನ ಮೇಲೆ, ಬೆರಳುಗಳ ಮೇಲೆ ಬೀಳುತ್ತದೆ. ಹಾಗಾಗಿ ಕೊನೆಯ ಎರಡು ಮೂರು ಪಕ್ಕೆಲುಬು ಕಾಣಬೇಕು, ಸೊಂಟದ ಎರಡು ಎಲುಬಿನ ತುದಿ ಕೈಗೆ ಸಿಗಬೇಕು.

ಹಾಗಂತ ತೆಳ್ಳಗಿರುವುದೆಲ್ಲ ಆರೋಗ್ಯವಲ್ಲ. ನಾನು ನೋಡುವುದು ತೊಡೆ ಮತ್ತು ಬೆನ್ನು. ತೊಡೆಯ ಮಾಂಸ ಗಟ್ಟಿ ಇದ್ದು, ಬೆನ್ನೆಲುಬಿನ ಎರಡೂ ಕಡೆ ಕೈಗೆ ತುಂಬಿದಂತೆ ಸಿಕ್ಕರೆ ಪಕ್ಕೆಲುಬಿನ ಚಿಂತೆ ಇಲ್ಲ. ಬೆನ್ನೆಲುಬಿನ ಗಂಟುಗಳು ಒಂದೊಂದಾಗಿ ಎದ್ದು ಕಾಣತೊಡಗಿದರೆ, ತೊಡೆ ಇಳಿದುಹೋದರೆ, ಕೂದಲಿನ ಹೊಳಪು ಹೋದರೆ ಅದು ಜಂತುಹುಳವೋ ಕಾಯಿಲೆಯೋ ಇರಬೇಕು, ಡಾಕ್ಟರ ಹತ್ತಿರ ಹೋಗಬೇಕು. ಬರೀ ತೂಕದ ಕಾಟಾ ನೋಡಿದರೆ ಇದು ಗೊತ್ತಾಗುವುದಿಲ್ಲ, ಕೈಯಾಡಿಸಬೇಕು.

ನಮ್ಮ ಅತ್ತಿಯವರಿಗೆ ಇದೆಲ್ಲ ಒಪ್ಪಿಗೆಯಿಲ್ಲ. "ಬಾಯಿಲ್ಲದ ಜೀವಕ್ಕ ಅಳತಿ ಮಾಡಿ ಹಾಕ್ತಾರೇನವಾ? ಇದರ ಎಲುಬು ಕಂಡ್ರ ನಮ್ಮನಿ ಮರ್ಯಾದಿ ಹೋಗ್ತದ" ಅನ್ನುತ್ತಾರೆ. ಮೊದಲ ಮಾತಿಗಿಂತ ಎರಡನೆಯದೇ ಅವರಿಗೆ ಮುಖ್ಯ. ಅವರು ಕೊರಳಲ್ಲಿ ಲಿಂಗ ಕಟ್ಟಿದವರು, ಅಡುಗೆಮನೆಗೆ ತತ್ತಿ ಬರುವ ಹಾಗಿಲ್ಲ. ನಾಯಿಗೆ ತತ್ತಿ ಬೇಕು. ಕೊನೆಗೆ ಆದ ಒಪ್ಪಂದ ಇದು: ಮಾಳಿಗೆಯ ಮೇಲೆ ನೀರಿನ ಟ್ಯಾಂಕಿನ ಪಕ್ಕ ಒಂದು ಕರೆಂಟಿನ ಒಲೆ, ಒಂದು ಪಾತ್ರೆ, ಕೆಂಪಿಯದೇ ತಾಟು. ಅವು ಕೆಳಗೆ ಇಳಿಯುವುದಿಲ್ಲ. ತತ್ತಿ, ಬೇಯಿಸಿದ ಎಲುಬಿಲ್ಲದ ಕೋಳಿ ಅಲ್ಲಿ ತಯಾರಾಗುತ್ತದೆ, ತಯಾರು ಮಾಡುವವರು ನಮ್ಮನೆಯವರು. ಕೆಳಗಿನಿಂದ ಜೋಳದ ನುಚ್ಚು, ಮೊಸರು, ಒಂದಿಷ್ಟು ಗಜ್ಜರಿಯೋ ಕುಂಬಳವೋ ಹೋಗುತ್ತದೆ. ಮುಧೋಳದ ಹಳ್ಳಿಗಳಲ್ಲಿ ರೊಟ್ಟಿ, ಹಾಲಿನ ಮೇಲೆಯೇ ಬೆಳೆದ ನಾಯಿಗಳು ಎಷ್ಟೋ ಇವೆ ನಿಜ, ಆದರೆ ಅವು ದಿನವಿಡೀ ಹೊಲದಲ್ಲಿ ಓಡಾಡಿ ಏನೇನೋ ಹುಡುಕಿ ತಿನ್ನುವಂಥವು. ಪಡಸಾಲೆಯಲ್ಲಿ ಮಲಗುವ ನಾಯಿಗೆ ಬರೀ ರೊಟ್ಟಿ ಹಾಕಿದರೆ ಹೊಟ್ಟೆ ತುಂಬುತ್ತದೆ, ಮಾಂಸಖಂಡ ಬೆಳೆಯುವುದಿಲ್ಲ.

ಅತ್ತಿ ಗುಟ್ಟಾಗಿ ಕೊಡುವ ಕೆನೆಹಚ್ಚಿದ ರೊಟ್ಟಿಯ ಚೂರುಗಳನ್ನು ನಾನು ಲೆಕ್ಕಕ್ಕೆ ಸೇರಿಸಿಯೇ ನುಚ್ಚು ಕಡಿಮೆ ಮಾಡುತ್ತೇನೆ. ಜಗಳ ತಪ್ಪುತ್ತದೆ. ಗಟ್ಟಿಯಾಗಿ ಹೇಳಿ ನಿಲ್ಲಿಸಿದ್ದು ಎರಡೇ: ಉಳ್ಳಾಗಡ್ಡಿ ಬಿದ್ದ ಸಾರು, ಪಲ್ಯ ಯಾವುದೂ ಬೇಡ, ಅದು ನಾಯಿಯ ರಕ್ತಕಣ ಕೆಡಿಸುತ್ತದೆ. ಮತ್ತೆ ದ್ರಾಕ್ಷಿ. ವಿಜಯಪುರದ ಬಂಧುಗಳು ಬಂದಾಗೆಲ್ಲ ಒಣದ್ರಾಕ್ಷಿ ಡಬ್ಬಿ ತರುತ್ತಾರೆ, ಪ್ರಸಾದದ ಸಜ್ಜಕದಲ್ಲೂ ಅದೇ. ಹಸಿಯಿರಲಿ ಒಣಗಿದ್ದಿರಲಿ, ದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡವೇ ಕೈಕೊಡಬಹುದು. ಚಾಕಲೇಟಿನ ಬಗ್ಗೆ ಮಕ್ಕಳಿಗೂ ಗೊತ್ತು, ದ್ರಾಕ್ಷಿಯ ಬಗ್ಗೆ ದೊಡ್ಡವರಿಗೂ ಗೊತ್ತಿರುವುದಿಲ್ಲ.

ಊಟವಾದ ಮೇಲೆ ತಾಸೆರಡು ತಾಸು ಓಟ, ಕುಣಿದಾಟ ಇಲ್ಲ. ಎದೆ ಆಳವಿರುವ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವ ಅಪಾಯ ಹೆಚ್ಚು. ಹೊಟ್ಟೆ ಉಬ್ಬಿ, ವಾಂತಿಗೆ ಪ್ರಯತ್ನಿಸಿದರೂ ಏನೂ ಬಾರದೆ ಬರೀ ಜೊಲ್ಲು ಸುರಿಯುತ್ತಿದ್ದರೆ ಬೆಳಗಾಗಲಿ ನೋಡೋಣ ಅನ್ನಬಾರದು. ಕೆಲವೇ ತಾಸಿನಲ್ಲಿ ಜೀವ ಹೋಗುತ್ತದೆ. ಒಂದೇ ಹೊತ್ತು ರಾಶಿ ಹಾಕುವುದಕ್ಕಿಂತ ಎರಡು ಹೊತ್ತು ಹಂಚಿ ಹಾಕುವುದು ಅದಕ್ಕೇ.

ಇನ್ನು ಚಳಿ. ಮುಧೋಳ ಘಟಪ್ರಭೆಯ ದಂಡೆಯ ಬಿಸಿಲೂರು. ಧಾರವಾಡದ ಜಿಟಿಜಿಟಿ ಮಳೆ, ಡಿಸೆಂಬರಿನ ಬೆಳಗು ಇವಳಿಗೆ ಹಿಡಿಸುವುದಿಲ್ಲ. ಚರ್ಮದ ಕೆಳಗೆ ಕೊಬ್ಬಿಲ್ಲ, ಮೇಲೆ ಕೂದಲು ಗಿಡ್ಡ. ಬರೀ ನೆಲದ ಮೇಲೆ, ಅದರಲ್ಲೂ ಟೈಲ್ಸ್ ಮೇಲೆ ಮಲಗಿದರೆ ಮೊಣಕೈ ಎಲುಬು ನೇರ ನೆಲಕ್ಕೆ ಒತ್ತಿ ಮೊದಲು ಕೂದಲು ಉದುರುತ್ತದೆ, ಆಮೇಲೆ ಚರ್ಮ ದಪ್ಪಗಟ್ಟುತ್ತದೆ, ಕೆಲವೊಮ್ಮೆ ನೀರು ತುಂಬಿ ಗಂಟಾಗುತ್ತದೆ. ಅಂಗಡಿಯ ನಾಯಿಹಾಸಿಗೆಗಳು ನಮಗೆ ಬಾಳಲಿಲ್ಲ. ಬಾಳಿದ್ದು ಕೌದಿ. ಹಳೆಯ ಕಾಟನ್ ಸೀರೆ, ಧೋತರದ ತುಂಡು ಪದರ ಪದರವಾಗಿ ಹಾಕಿ ಹೊಲಿದದ್ದು, ಎರಡು ಮಡಿಕೆ ಮಾಡಿ ಹಾಸುತ್ತೇವೆ. ತೊಳೆಯಬಹುದು, ಒಣಗಿಸಬಹುದು, ಕೆರೆದರೂ ಹತ್ತಿ ಹೊರಬರುವುದಿಲ್ಲ. ಅದನ್ನು ಹೊಲಿದವರು ಅತ್ತಿಯೇ, ಮಾಳಿಗೆ ಒಲೆಯ ಒಪ್ಪಂದಕ್ಕೂ ಮೊದಲು. ಮಳೆಗಾಲಕ್ಕೆ ಮಗಳ ಹಳೆಯ ಸ್ವೆಟರಿನ ತೋಳು ಕತ್ತರಿಸಿ ಕೆಂಪಿಗೆ ಹಾಕುತ್ತೇವೆ. ಓಣಿಯಲ್ಲಿ ಅದಕ್ಕೂ ನಗುತ್ತಾರೆ, ನಗಲಿ.

ಈಗ ಡಾಕ್ಟರ ವಿಷಯ. ನನ್ನ ಲೆಕ್ಕದಲ್ಲಿ ಈ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯ ಇದು, ಮರಿ ಕೊಡುವವರು ಹೇಳದೆ ಇರುವುದೂ ಇದೇ.

ಕೆಂಪಿಗೆ ಮರಿಯಾಗದ ಆಪರೇಷನ್ ಮಾಡಿಸುವಾಗ ನಮ್ಮ ಡಾಕ್ಟರು ಅರಿವಳಿಕೆಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಥಯೋಪೆಂಟೋನ್ ತರಹದ ಹಳೆಯ ಅರಿವಳಿಕೆ ಔಷಧಗಳು ರಕ್ತದಿಂದ ಮಾಂಸಕ್ಕೆ, ಕೊಬ್ಬಿಗೆ ಹಂಚಿಹೋಗುತ್ತ ಮಿದುಳಿನಲ್ಲಿ ಕಡಿಮೆಯಾಗುತ್ತವೆ, ಆಗ ನಾಯಿ ಏಳುತ್ತದೆ. ಕೊಬ್ಬೇ ಇಲ್ಲದ ನಾಯಿಯಲ್ಲಿ ಔಷಧ ರಕ್ತದಲ್ಲೇ ಉಳಿಯುತ್ತದೆ. ಜೊತೆಗೆ ಗ್ರೇಹೌಂಡ್‌ಗಳಲ್ಲಿ ಯಕೃತ್ತು ಆ ಔಷಧವನ್ನು ಕರಗಿಸುವುದೂ ನಿಧಾನ. ಬೇರೆ ನಾಯಿ ಸ್ವಲ್ಪ ಹೊತ್ತಿಗೆ ಎದ್ದು ನಿಂತರೆ ಇವು ತಾಸುಗಟ್ಟಲೆ ಮಲಗಿಯೇ ಇರುತ್ತವೆ. ಮುಧೋಳದ್ದೂ ಅದೇ ಜಾತಿಯ ಮೈಕಟ್ಟು, ಆದ್ದರಿಂದ ಅದೇ ಎಚ್ಚರಿಕೆ. ಪ್ರೊಪೊಫಾಲ್, ಗ್ಯಾಸ್ ಅರಿವಳಿಕೆಯಂಥ ಬೇರೆ ದಾರಿಗಳಿವೆ, ಯಾವುದು ಅಂತ ನಿರ್ಧರಿಸುವುದು ಡಾಕ್ಟರ ಕೆಲಸ. ನಮ್ಮ ಕೆಲಸ "ಇದು ಮುಧೋಳ ಹೌಂಡ್ ರೀ, ಮೈಯಾಗ ಕೊಬ್ಬಿಲ್ಲ" ಅಂತ ಬಾಯಿಬಿಟ್ಟು ಹೇಳುವುದು. ಆಪರೇಷನ್ ಟೇಬಲ್ ಮೇಲೆ ಇವುಗಳ ಮೈ ಬಹುಬೇಗ ತಣ್ಣಗಾಗುತ್ತದೆ, ಹಾಗಾಗಿ ನಾವು ಕೌದಿ ಒಯ್ದಿದ್ದೆವು. ಕಂಪೌಂಡರ್ ಮೊದಲು ನಕ್ಕ, ಆಮೇಲೆ ತಾನೇ ಹೊದಿಸಿದ.

ರಕ್ತಪರೀಕ್ಷೆಯದೂ ಹೀಗೇ ಒಂದು ಕಥೆ. ಗ್ರೇಹೌಂಡ್ ಗುಂಪಿನ ನಾಯಿಗಳಲ್ಲಿ ಕೆಂಪು ರಕ್ತಕಣಗಳ ಪ್ರಮಾಣ ಬೇರೆ ನಾಯಿಗಳಿಗಿಂತ ಹೆಚ್ಚು, ಪ್ಲೇಟ್ಲೆಟ್ ಕಡಿಮೆ, ಥೈರಾಯ್ಡ್ ಅಂಶವೂ ಕಡಿಮೆ, ಅದೂ ಪೂರ್ತಿ ಆರೋಗ್ಯವಾಗಿದ್ದಾಗಲೇ. ಲ್ಯಾಬಿನವರು ಎಲ್ಲ ನಾಯಿಗೂ ಒಂದೇ ಪಟ್ಟಿ ಹಿಡಿದು ಅಳೆಯುತ್ತಾರೆ. ನಮ್ಮ ಕಡೆ ಉಣ್ಣಿಯಿಂದ ಬರುವ ಜ್ವರ ಸಾಮಾನ್ಯ, ಅದರಲ್ಲಿ ಮೊದಲು ಇಳಿಯುವುದೇ ಪ್ಲೇಟ್ಲೆಟ್. ಹೀಗಿರುವಾಗ ಕಡಿಮೆ ಪ್ಲೇಟ್ಲೆಟ್ ಕಂಡರೆ ಅದು ಜ್ವರವೋ, ಈ ನಾಯಿಯ ಹುಟ್ಟುಗುಣವೋ? ಅದಕ್ಕೇ ಕೆಂಪಿ ಚೆನ್ನಾಗಿ ಓಡಾಡಿಕೊಂಡಿದ್ದಾಗಲೇ ಒಮ್ಮೆ ರಕ್ತ ಪರೀಕ್ಷೆ ಮಾಡಿಸಿ ಆ ಕಾಗದವನ್ನು ಲಸಿಕೆಯ ಪುಸ್ತಕದೊಳಗೆ ಇಟ್ಟಿದ್ದೇವೆ. ಮುಂದೆ ಜ್ವರ ಬಂದರೆ ಡಾಕ್ಟರು ಹೋಲಿಸಿ ನೋಡುವುದು ಅದರ ಜೊತೆಗೆ. ಗಣಿತದ ಟೀಚರಾಗಿ ನನಗೆ ಇದು ಬಹಳ ಇಷ್ಟವಾದ ಸಲಹೆ: ಸರಾಸರಿ ಊರಿಗೆಲ್ಲ ಸೇರಿದ್ದು, ಅಳತೆ ಮಾತ್ರ ಅವರವರದು.

ಉಣ್ಣಿ ಹುಡುಕುವುದು ಇವಳ ಗಿಡ್ಡ ಕೂದಲಿನಲ್ಲಿ ಸುಲಭ, ಅದೊಂದು ಲಾಭ. ಕಿವಿಯ ಒಳಗೆ, ಬೆರಳುಗಳ ಸಂದು, ಬಾಲದ ಬುಡ, ಇಷ್ಟನ್ನು ಮರೆಯದೆ ನೋಡಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವರ್ಷ ವರ್ಷ. ಸೆಪ್ಟೆಂಬರ್ 28ರ ರೇಬೀಸ್ ದಿನದ ಹೊತ್ತಿಗೆ ಸರ್ಕಾರಿ ಪಶು ಆಸ್ಪತ್ರೆಗಳಲ್ಲಿ ಪುಕ್ಕಟೆ ಹಾಕುವುದುಂಟು, ವಿಚಾರಿಸಿಕೊಳ್ಳಿ.

ಚರ್ಮ ತೆಳು. ಜಾಲಿಮುಳ್ಳಿಗೆ, ತಂತಿಬೇಲಿಗೆ ಸಿಕ್ಕರೆ ಗೀರು ಬೀಳುವುದಲ್ಲ, ಹಳೆಯ ಇಳಕಲ್ ಸೀರೆಯ ಹಾಗೆ ಸರ್ರನೆ ಹರಿಯುತ್ತದೆ. ಹೊಲಿಗೆಯೇ ಗತಿ. ನಮ್ಮ ಹಿತ್ತಿಲ ಗೋಡೆಯ ಮೇಲಿನ ಗಾಜಿನ ಚೂರುಗಳನ್ನು ಮನೆ ಮಾಲೀಕರನ್ನು ಕಾಡಿ ಬೇಡಿ ತೆಗೆಸಿದೆವು.

ಇನ್ನು ಕಣ್ಣು. ಕೆಂಪಿ ದಿನದ ಬಹುಪಾಲು ನಿದ್ದೆ. ಕಾಲು ಮೇಲೆ ಮಾಡಿ, ಕುತ್ತಿಗೆ ತಿರುಚಿ, ಸೋಫಾದ ಮೇಲೆ ಜಾಗ ಪೂರಾ ಹಿಡಿದು ಮಲಗುತ್ತಾಳೆ. ಮಾಳಿಗೆಯ ಮೇಲೆ ಹೋದಾಗ ಮಾತ್ರ ಬೇರೆಯೇ ನಾಯಿ. ದೂರದ ಖಾಲಿ ಸೈಟಿನಲ್ಲಿ ಮುಂಗುಸಿ ಅಡ್ಡ ಹಾಯ್ದರೆ ನನಗೆ ಹುಲ್ಲು ಅಲ್ಲಾಡಿದ್ದೂ ಕಾಣುವುದಿಲ್ಲ, ಅವಳು ಕಲ್ಲಾಗಿ ನಿಂತಿರುತ್ತಾಳೆ. ಆ ಹೊತ್ತಿನಲ್ಲಿ ಅವಳ ಕಿವಿಗೆ ನಮ್ಮ ಕೂಗು ಹೋಗುವುದೇ ಇಲ್ಲ. ಇದು ಅವಿಧೇಯತೆ ಅಂತ ನಾನು ತಿಳಿದಿಲ್ಲ. ಮಾಲೀಕನ ಮುಖ ನೋಡದೆ, ಕಂಡದ್ದರ ಬೆನ್ನು ಬೀಳಲಿ ಅಂತಲೇ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ ನಾಯಿ ಇದು. ಈಗ ಬಿಸ್ಕೀಟು ತೋರಿಸಿ ತಿರುಗಿ ಬಾ ಅಂದರೆ ಬರುತ್ತದೆಯೇ?

ಹಾಗಾಗಿ ತೆರೆದ ಜಾಗದಲ್ಲಿ ಹಗ್ಗ ಬಿಡುವುದಿಲ್ಲ, ಯಾವತ್ತೂ. ಕರೆದರೆ ಬರುವ ಅಭ್ಯಾಸ ಮಾಡಿಸಿದ್ದೇವೆ, ನೂರಕ್ಕೆ ತೊಂಬತ್ತು ಸಲ ಬರುತ್ತಾಳೆ. ಉಳಿದ ಹತ್ತು ಸಲಕ್ಕೆ ಲಾರಿ ಇರುತ್ತದೆ. ಕೊರಳಪಟ್ಟಿಯೂ ಬೇರೆ ತರಹದ್ದು ಬೇಕು. ಇವುಗಳ ಕುತ್ತಿಗೆ ತಲೆಗಿಂತ ದಪ್ಪ, ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಬೆಲ್ಟ್ ಕಿವಿಯ ಮೇಲಿಂದ ಜಾರಿ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಎಳೆದಾಗ ಒಂದು ಮಿತಿಯವರೆಗೆ ಮಾತ್ರ ಬಿಗಿಯಾಗುವ ಅಗಲವಾದ ಮಾರ್ಟಿಂಗೇಲ್ ಪಟ್ಟಿ ಸಿಗುತ್ತದೆ, ಅದನ್ನೇ ಕೊಳ್ಳಿ. ಗುಂಡಿ ಒತ್ತಿದರೆ ಉದ್ದವಾಗುವ ಹಗ್ಗ ಬೇಡವೇ ಬೇಡ. ಕೆಲವೇ ಜಿಗಿತಕ್ಕೆ ಪೂರ್ತಿ ವೇಗ ಹಿಡಿಯುವ ನಾಯಿ ಅದರ ತುದಿ ಮುಟ್ಟಿದಾಗ ಕುತ್ತಿಗೆಗೆ ಬೀಳುವ ಪೆಟ್ಟು ಸಣ್ಣದಲ್ಲ.

ಓಡುವುದಂತೂ ಬೇಕೇ ಬೇಕು. ನಮ್ಮ ಶಾಲೆಯ ಮೈದಾನಕ್ಕೆ ನಾಲ್ಕೂ ಕಡೆ ಎತ್ತರದ ಗೋಡೆ ಇದೆ, ರವಿವಾರ ಬೆಳಿಗ್ಗೆ ಕೀಲಿ ನನ್ನ ಹತ್ತಿರ ಇರುತ್ತದೆ. ಹಗ್ಗ ಬಿಚ್ಚಿದರೆ ಐದಾರು ಸುತ್ತು, ಬಾಯಿ ತೆರೆದುಕೊಂಡು, ಖೋಖೋ ಕಂಬಗಳ ನಡುವೆ. ಆಮೇಲೆ ನಾಲಗೆ ಹೊರಗೆ ಹಾಕಿ ಬೇವಿನ ಮರದ ನೆರಳಲ್ಲಿ ಬಿದ್ದುಕೊಳ್ಳುತ್ತಾಳೆ. ಮುಗೀತು. ಇಡೀ ದಿನ ಓಡಿಸಬೇಕು ಅನ್ನುವುದು ಸುಳ್ಳು, ಇವು ಸ್ವಲ್ಪ ಹೊತ್ತು ಓಡಿ ಬಹಳ ಹೊತ್ತು ಮಲಗುವ ನಾಯಿಗಳು. ದಿನಾ ಎರಡು ಹೊತ್ತು ನಡಿಗೆ, ವಾರಕ್ಕೆ ಕೆಲವು ಸಲ ಇಂಥ ಓಟ ಇದ್ದರೆ ಮನೆಯಲ್ಲಿ ಏನನ್ನೂ ಕಡಿದು ಹಾಕುವುದಿಲ್ಲ.

ಓಣಿಯ ಒಬ್ಬರು ಹೊಲಕ್ಕೆ ಒಯ್ದು ಮೊಲ ಹಿಡಿಸೋಣ ಅಂತ ಎಷ್ಟು ಸಲ ಕೇಳಿದ್ದಾರೋ. "ರಕ್ತದಾಗ ಇರೂದು ರೀ ಅಕ್ಕೋರ, ನೀವು ಕಟ್ಟಿಹಾಕೀರಿ" ಅಂತ ನನ್ನ ಮೇಲೇ ಆರೋಪ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಮೊಲದ ಬೇಟೆ ಅಪರಾಧ. ಹಳೆಯ ಬಟ್ಟೆಯ ಚಿಂದಿಯನ್ನು ಉದ್ದ ಹಗ್ಗಕ್ಕೆ ಕಟ್ಟಿ ಕೋಲಿನ ತುದಿಯಿಂದ ನೆಲದ ಮೇಲೆ ಓಡಿಸಿದರೆ ಕೆಂಪಿಯ ರಕ್ತಕ್ಕೆ ಅಷ್ಟೇ ಸಂತೋಷವಾಗುತ್ತದೆ. ಅವರಿಗೆ ಆಗುವುದಿಲ್ಲ, ಅದು ಬೇರೆ ಮಾತು.

ಮನೆಯಲ್ಲಿ ಬೆಕ್ಕು, ಕೋಳಿ, ಮೊಲ ಇರುವವರು ಎರಡು ಸಲ ಯೋಚಿಸಿ. ಮರಿಯಿಂದ ಜೊತೆಗೆ ಬೆಳೆದ ಬೆಕ್ಕನ್ನು ಒಪ್ಪಿಕೊಳ್ಳುವ ನಾಯಿಗಳಿವೆ. ಆದರೆ ಒಳಗೆ ಪಕ್ಕದಲ್ಲಿ ಮಲಗುವ ಅದೇ ಬೆಕ್ಕು ಹೊರಗೆ ಅಂಗಳದಲ್ಲಿ ಓಡಿದರೆ ಕಣ್ಣಿಗೆ ಬೆಕ್ಕಾಗಿ ಕಾಣುವುದಿಲ್ಲ, ಓಡುವ ವಸ್ತುವಾಗಿ ಕಾಣುತ್ತದೆ.

"ಮಿಲಿಟರಿ ನಾಯಿ ಅಲ್ರೀ, ಕಳ್ಳರು ಬಂದ್ರ ಬಿಡೂದಿಲ್ಲಲ್ಲ?" ಅನ್ನುವವರಿಗೆ ನಾನು ನಿಜ ಹೇಳುತ್ತೇನೆ. ಕಳ್ಳರು ಬಂದರೆ ಕೆಂಪಿ ನಮ್ಮ ಹಿಂದೆ ನಿಲ್ಲುತ್ತಾಳೆ. ಗೇಟಿನ ಸದ್ದಿಗೆ ಎದ್ದು ನೋಡುತ್ತಾಳೆ, ಒಂದೆರಡು ಸಲ ಬೊಗಳುತ್ತಾಳೆ, ಅಷ್ಟೇ. ಹೊಲ ಕಾಯುವ ಮುಧೋಳ ನಾಯಿಗಳು ಇದಕ್ಕಿಂತ ಗಡಸು ಇರಬಹುದು, ಆದರೂ ಸ್ವಭಾವತಃ ಇವು ಅಪರಿಚಿತರಿಂದ ದೂರ ಸರಿಯುವ ನಾಯಿಗಳು. ತಲೆಯ ಮೇಲೆ ದಿಢೀರ್ ಕೈ ಇಟ್ಟರೆ ಇಷ್ಟವಾಗುವುದಿಲ್ಲ. ಮನೆಗೆ ಬಂದ ಮಕ್ಕಳಿಗೆ ನಮ್ಮ ಮಗಳು ಹೇಳಿಕೊಡುವುದು: ಕುಳಿತುಕೋ, ಕೈ ಕೆಳಗಿರಲಿ, ಅವಳೇ ಬರಲಿ. ಬರುತ್ತಾಳೆ ಕೂಡ, ಮೂತಿಯನ್ನು ಮೆಲ್ಲಗೆ ತೊಡೆಯ ಮೇಲೆ ಇಡುತ್ತಾಳೆ. ಮಲಗಿದ್ದಾಗ ಮುಟ್ಟಿ ಎಬ್ಬಿಸಬಾರದು, ಹೆಸರು ಕರೆದು ಎಬ್ಬಿಸಬೇಕು. ಗದರಿದರೆ ಇವು ಕಲಿಯುವುದಿಲ್ಲ, ಮುದುಡಿಹೋಗುತ್ತವೆ. ಹೊಡೆತ ತಿಂದ ಮುಧೋಳ ನಾಯಿ ಆ ಕೈಯನ್ನು ಮರೆಯುವುದಿಲ್ಲ ಅಂತ ಲೋಕಾಪುರದಲ್ಲಿ ಮರಿ ಕೊಟ್ಟ ಯಜಮಾನರೇ ಹೇಳಿ ಕಳಿಸಿದ್ದರು.

ದೀಪಾವಳಿಗೆ ಇನ್ನೊಂದು ಮಾತು. ಪಟಾಕಿ ಸದ್ದಿಗೆ ಬೆದರಿ ಓಡಿದರೆ ಈ ನಾಯಿ ಕ್ಷಣದಲ್ಲಿ ಓಣಿ ದಾಟಿರುತ್ತದೆ, ಹಿಡಿಯುವ ಮಾತೇ ಇಲ್ಲ. ಆ ದಿನಗಳಲ್ಲಿ ಕತ್ತಲಾಗುವ ಮೊದಲೇ ನಡಿಗೆ ಮುಗಿಸಿ ನಡುಮನೆಯ ಕಿಟಕಿ ಮುಚ್ಚಿ ಫ್ಯಾನ್ ಜೋರು ಮಾಡುತ್ತೇವೆ. ಕೊರಳಪಟ್ಟಿಯ ಮೇಲೆ ಫೋನ್ ನಂಬರು ಹೊಲಿದಿದೆ.

ಮರಿ ಎಲ್ಲಿ ಸಿಗುತ್ತದೆ ಅಂತ ಕೇಳುವವರಿಗೆ: ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವಿದೆ, ಮೊದಲು ಅಲ್ಲಿ ವಿಚಾರಿಸಿ. ಧಾರವಾಡದಿಂದಾದರೆ ಸವದತ್ತಿ, ಯರಗಟ್ಟಿ, ಲೋಕಾಪುರದ ದಾರಿ. ಹಳ್ಳಿಯ ಮನೆಗಳಲ್ಲಿ ಕೊಳ್ಳುವುದಾದರೆ ತಾಯಿಯನ್ನು ತೋರಿಸಿ ಅನ್ನಿ. ಹೆಸರು ಬಂದ ಮೇಲೆ ಬೇಡಿಕೆ ಏರಿದೆ, ಓಟದ ಆಸೆಗೆ ಗ್ರೇಹೌಂಡ್ ಬೆರಕೆ ಮಾಡಿದ್ದನ್ನೂ ಮುಧೋಳ ಅಂತಲೇ ಮಾರುವವರಿದ್ದಾರೆ. ನಾಯಿ ಸಾಕಣೆ ಮತ್ತು ಮಾರಾಟದ 2017ರ ಕೇಂದ್ರ ನಿಯಮಗಳ ಪ್ರಕಾರ ಎಂಟು ವಾರ ತುಂಬದ ಮರಿಯನ್ನು ಮಾರುವ ಹಾಗಿಲ್ಲ. ತಿಂಗಳ ಮರಿಯನ್ನೇ ರಟ್ಟಿನ ಡಬ್ಬಿಯಲ್ಲಿ ಹಾಕಿ ಕೊಡಲು ಬಂದರೆ ವಾಪಸ್ಸು ಬಸ್ಸು ಹತ್ತಿ. ಮತ್ತೆ ಮನೆಯಲ್ಲಿ ಎಲ್ಲರೂ ಬೆಳಿಗ್ಗೆ ಹೋಗಿ ರಾತ್ರಿ ಬರುವವರಾದರೆ ಈ ತಳಿ ಬೇಡ. ನಮ್ಮ ಶಾಲೆಯ ಪಿ.ಟಿ. ಮಾಸ್ತರರಿಗೆ ನಾನು ಇದನ್ನೇ ಹೇಳಿದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಮೂರನೇ ಮಹಡಿಯ ಬಾಡಿಗೆ ಮನೆ, ಜೊತೆಗೆ ಎರಡು ಬೆಕ್ಕು. ಸ್ವಲ್ಪ ಬೇಜಾರು ಮಾಡಿಕೊಂಡರು. ಈಗ ರವಿವಾರ ಬೆಳಿಗ್ಗೆ ಮೈದಾನಕ್ಕೆ ಬಂದು ಸ್ಟಾಪ್‌ವಾಚ್ ಹಿಡಿದು ಕೆಂಪಿಯ ಸುತ್ತುಗಳ ಸಮಯ ಬರೆದುಕೊಳ್ಳುತ್ತಾರೆ, ಜಿಲ್ಲಾ ಮಟ್ಟದ ಹುಡುಗರ ಟೈಮಿಂಗ್ ಜೊತೆ ಹೋಲಿಸಿ ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಅವರಿಗೆ ಬೈಯುವುದಕ್ಕೆ.